ಎಡಗೈ ಮಾತು ಕೇಳ್ತಿಲ್ಲ ಮೇಷ್ಟ್ರೇ!

ತಾಳ, ಲಯ, ವಾದ್ಯ ಕಲಿಕೆ: ಓದುಗರ ಪ್ರಶ್ನೆಗೆ ಮೃದಂಗದ ಮೇಷ್ಟ್ರ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಕೈ ಮೇಲಿನ ದೂರು. ಎಡಗೈ ಬರ್ತಿಲ್ಲ, ಬಲಗೈ ಓಡುತ್ತೆ, ತಾಳ ನಿಂತುಹೋಗುತ್ತೆ. ಹಾಗಾಗಿ ಶ್ರುತಿ, ರಾಗ, ವಾದ್ಯ ಕೊಳ್ಳೋದು ಇವೆಲ್ಲ ಮುಂದಿನ ಸಲಕ್ಕೆ. ಕಾಗದ ಉದ್ದವಿದ್ದ ಕಡೆ ಕತ್ತರಿ ಹಾಕಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನನಗೆ 44 ವರ್ಷ, ಸರ್ಕಾರಿ ನೌಕರಿ. ಎಂಟು ತಿಂಗಳಿಂದ ಮೃದಂಗ ಕಲಿಯುತ್ತಿದ್ದೇನೆ. ಬಲಗೈ ಒಂದನ್ನೇ ನುಡಿಸಿದರೆ ಸರಿ, ಎಡಗೈ ಒಂದನ್ನೇ ನುಡಿಸಿದರೂ ಸರಿ. ಎರಡೂ ಸೇರಿದ ತಕ್ಷಣ ಎಡಗೈ ಬಲಗೈ ಹಿಂದೆಯೇ ಓಡುತ್ತದೆ. ಜೊತೆಗೆ ಕಲಿಯುವ ಹುಡುಗರು ನಗುತ್ತಾರೆ. ವಯಸ್ಸಾಯಿತಾ ಮೇಷ್ಟ್ರೇ ನನಗೆ? (ಓದುಗ, ದಾವಣಗೆರೆ)

ಉತ್ತರ: ವಯಸ್ಸಿನ ಮಾತು ಬಿಡಿ ಸ್ವಾಮಿ. ನನ್ನ ಹತ್ತಿರ ಬರುವ ಎಂಟು ವರ್ಷದ ಮಕ್ಕಳ ಎಡಗೈಯೂ ಇದನ್ನೇ ಮಾಡುತ್ತದೆ. ಮಕ್ಕಳಿಗೆ ನಾಚಿಕೆ ಇಲ್ಲ, ನಿಮಗಿದೆ, ಅಷ್ಟೇ ವ್ಯತ್ಯಾಸ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಕುರ್ಚಿ ಮೇಲೆ ಕೂತು ಬಲಗಾಲನ್ನು ನೆಲದಿಂದ ಸ್ವಲ್ಪ ಎತ್ತಿ, ಗಡಿಯಾರದ ಮುಳ್ಳು ತಿರುಗುವ ಕಡೆಗೆ ಸುತ್ತಿಸಿ. ಹಾಗೇ ಸುತ್ತಿಸುತ್ತಾ ಬಲಗೈಯಿಂದ ಗಾಳಿಯಲ್ಲಿ 6 ಅಂತ ಬರೆಯಿರಿ. ಕಾಲು ಉಲ್ಟಾ ತಿರುಗಿತು ಅಲ್ವಾ? ನಗುವ ಆ ಹುಡುಗರಿಗೂ ಇದನ್ನು ಮಾಡಿಸಿ. ಮೈಯಲ್ಲಿ ಎರಡು ಕಡೆ ಎರಡು ಬೇರೆ ಕೆಲಸ ಕೊಟ್ಟರೆ ಒಂದು ಇನ್ನೊಂದರ ಜೊತೆ ಸೇರಿಕೊಳ್ಳಲು ನೋಡುತ್ತದೆ. ಇದು ಎಲ್ಲರಿಗೂ ಇರುವುದೇ.

ಹಾಗಾದರೆ ಎರಡು ಕೈಗೆ ಎರಡು ಕೆಲಸ ಕಲಿಸುವುದು ಹೇಗೆ? ಕಲಿಸಬೇಡಿ. ಇದೇ ನಾನು ಹೇಳಬೇಕಾದ ಮುಖ್ಯ ಮಾತು. ನಿಮ್ಮೂರ ಕಡೆ ಜೋಳದ ರೊಟ್ಟಿ ತಟ್ಟುವವರನ್ನು ನೋಡಿದ್ದೀರಲ್ಲ, ತಟ್ಟುವುದೂ ನಡೆಯುತ್ತಿರುತ್ತದೆ, ರೊಟ್ಟಿ ಸುತ್ತ ತಿರುಗುತ್ತಲೂ ಇರುತ್ತದೆ, ಮಧ್ಯೆ ಸೊಸೆಯ ಜೊತೆ ಮಾತು ಬೇರೆ. ಆ ಅಮ್ಮನಿಗೆ ಅದು ಎರಡು ಕೆಲಸವಲ್ಲ, ರೊಟ್ಟಿ ತಟ್ಟುವುದು ಅನ್ನುವ ಒಂದೇ ಕೆಲಸ. ತಟ್ಟುತ್ತಿರುವಾಗ "ಈಗ ನಿಮ್ಮ ಎಡಗೈ ಏನು ಮಾಡ್ತಿದೆ?" ಅಂತ ಕೇಳಿ ನೋಡಿ, ರೊಟ್ಟಿ ಹರಿಯುತ್ತದೆ, ನಿಮಗೆ ಬೈಗುಳವೂ ಸಿಗುತ್ತದೆ.

ಮೃದಂಗದಲ್ಲೂ ಹಾಗೇ. ಬಲಗೈಗೆ ಒಂದು ಸಾಲು, ಎಡಗೈಗೆ ಒಂದು ಸಾಲು ಅಂತ ಕಲಿತಿದ್ದೀರಿ, ಅದಕ್ಕೇ ಜಗಳ. ಎರಡೂ ಸೇರಿ ಹುಟ್ಟುವ ಒಂದೇ ಸಾಲನ್ನು ಮೊದಲು ಬಾಯಲ್ಲಿ ಹೇಳಿ. ತ ಧಿ ತೊಂ ನಂ ಅಂತ ಮೊದಲ ದಿನವೇ ಹೇಳಿಕೊಟ್ಟಿರುತ್ತಾರೆ. ತೊಂ ಎಡಕ್ಕೆ, ನಂ ಬಲಕ್ಕೆ. ಆದರೆ ಬಾಯಿಗೆ ಅದು ಎಡ ಬಲ ಅಲ್ಲ, ಒಂದೇ ಮಾತು. ಬಾಯಿ ಒಂದೇ ಇರುವುದು ನಮ್ಮ ಪುಣ್ಯ.

ಈಗ ಕೈಗೆ ನಿಜವಾಗಿ ಕಷ್ಟವಾಗುವ ಒಂದು ಪಾಠ ಕೊಡುತ್ತೇನೆ. ಮೃದಂಗ ಬೇಡ, ನಿಮ್ಮ ತೊಡೆಯೇ ಸಾಕು. ಒಂದೇ ಅವಧಿಯಲ್ಲಿ ಬಲಗೈ ಮೂರು ಪೆಟ್ಟು, ಎಡಗೈ ಎರಡು ಪೆಟ್ಟು, ಎರಡೂ ಸಮ ಅಂತರದಲ್ಲಿ. ಸುಮ್ನೆ ಮಾಡಲು ಹೋದರೆ ಹತ್ತು ನಿಮಿಷದಲ್ಲಿ ತಲೆ ಕೆಡುತ್ತದೆ. ಲೆಕ್ಕ ಹಾಕಿ. ಅವಧಿಯನ್ನು 6 ಮಾತ್ರೆ ಮಾಡಿ. ಬಲಗೈ 1, 3, 5ಕ್ಕೆ ಬೀಳುತ್ತದೆ. ಎಡಗೈ 1 ಮತ್ತು 4ಕ್ಕೆ. ಸೇರಿಸಿದರೆ: ಒಂದಕ್ಕೆ ಎರಡೂ ಕೈ, ಎರಡಕ್ಕೆ ಸುಮ್ಮನೆ, ಮೂರಕ್ಕೆ ಬಲ, ನಾಲ್ಕಕ್ಕೆ ಎಡ, ಐದಕ್ಕೆ ಬಲ, ಆರಕ್ಕೆ ಸುಮ್ಮನೆ.

ಇದನ್ನು ಹೈಸ್ಕೂಲಲ್ಲಿ ಕಲಿತ ಛಂದಸ್ಸಿಗೆ ಹಾಕಿ. ಲಘು ಒಂದು ಮಾತ್ರೆ, ಗುರು ಎರಡು ಮಾತ್ರೆ. ಮೇಲಿನ ಸಾಲು ಗುರು, ಲಘು, ಲಘು, ಗುರು. ಅಂದರೆ "ಬಾ ಮಗಳೇ"! ಬಾ ಅನ್ನುವಾಗ ಎರಡೂ ಕೈ, ಮ ಬಲ, ಗ ಎಡ, ಳೇ ಬಲ. ಬಾ ಮಗಳೇ, ಬಾ ಮಗಳೇ, ಬಾ ಮಗಳೇ. ಮೊದಲು ಕೈ ಮುಟ್ಟದೆ ಇಪ್ಪತ್ತು ಸಲ ಬಾಯಲ್ಲಿ ಹೇಳಿ, ಆಮೇಲೆ ಕೈಯನ್ನು ಮಾತಿನ ಮೇಲೆ ಕೂರಿಸಿ. ಎಷ್ಟು ನಿಧಾನ ಅಂದರೆ, ಮನೆಯವರು ಬಂದು "ಯಾರನ್ನ ಕರೀತಾ ಇದ್ದೀರಿ?" ಅಂತ ಕೇಳಬೇಕು. ಆಮೇಲೆ ಕೈ ಅದಲು ಬದಲು ಮಾಡಿ, ಎಡಗೈಗೆ ಮೂರು, ಬಲಗೈಗೆ ಎರಡು. ಮಾತು ಅದೇ ಇರುತ್ತದೆ.

ದಿನಕ್ಕೆ ಹದಿನೈದು ನಿಮಿಷ ಸಾಕು. ಭಾನುವಾರ ಒಂದೇ ಸಲಕ್ಕೆ ಮೂರು ಗಂಟೆ ಕೂತರೆ ಕೈ ನೋವು ಬರುತ್ತದೆ, ಲಯ ಬರುವುದಿಲ್ಲ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ವೀಕೆಂಡ್‌ನಲ್ಲಿ ಗೆಳೆಯರ ಬ್ಯಾಂಡಿಗೆ ಡ್ರಮ್ಸ್ ನುಡಿಸುತ್ತೇನೆ. ನಾಲ್ಕಕ್ಕೆ ಮೂರು ಬರುತ್ತಿಲ್ಲ. ಐದರ ನಡೆ ಅಂತೂ ದೂರದ ಮಾತು. ಮೃದಂಗದ ಸೊಲ್ಲುಗಳನ್ನು ಬಾಯಲ್ಲೇ ಹೇಳುವ ಕೊನ್ನಕೋಲ್ ಕಲಿತರೆ ಡ್ರಮ್ಸ್‌ಗೆ ಉಪಯೋಗ ಆಗುತ್ತಾ ಸರ್? (ಓದುಗ, ಬೆಂಗಳೂರು)

ಉತ್ತರ: ಆಗುತ್ತದೆ, ಬೇರೆ ಯಾವುದಕ್ಕಿಂತಲೂ ಜಾಸ್ತಿ. ನೀವಿರುವ ಊರಲ್ಲೇ 1964ರಲ್ಲಿ ವಿದ್ವಾನ್ ಟಿ.ಎ.ಎಸ್. ಮಣಿ ಅವರು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಟ್ಟಿದರು. ಆ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಸೇರಿ 1983ರಲ್ಲಿ ರೆಕಾರ್ಡ್ ಕೂಡ ತಂದಿತು. ಜಾಝ್ ನುಡಿಸುವವರು ತ ಧಿ ತೊಂ ನಂ ಥರದ ನಮ್ಮ ಸೊಲ್ಕಟ್ಟು ಕಲಿಯಲು ಅಷ್ಟು ದೂರದಿಂದ ಬರುತ್ತಾರೆ, ನೀವು ಮೆಟ್ರೋ ಹತ್ತಿದರೆ ಸಾಕು!

ಮೊದಲು ನಾಲ್ಕಕ್ಕೆ ಮೂರು. ಮೇಲಿನ ಉತ್ತರ ಓದಿಕೊಳ್ಳಿ, ದಾರಿ ಅದೇ. ಇಲ್ಲಿ 12 ಮಾತ್ರೆ ಬೇಕು. ಒಂದು ಕೈ 1, 4, 7, 10ಕ್ಕೆ, ಇನ್ನೊಂದು 1, 5, 9ಕ್ಕೆ. ಸೇರಿದಾಗ ಪೆಟ್ಟುಗಳ ನಡುವಿನ ಅಂತರ 3, 1, 2, 2, 1, 3. ಮೂರು ಮಾತ್ರೆಗೂ ನಮ್ಮ ವ್ಯಾಕರಣದಲ್ಲಿ ಹೆಸರಿದೆ, ಪ್ಲುತ. ದೂರದಲ್ಲಿರುವವರನ್ನು ಕೂಗುವಾಗ ಎಳೆಯುತ್ತೇವಲ್ಲ, ಅದು. ನನ್ನ ವಿದ್ಯಾರ್ಥಿಗಳಿಗೆ ಹೇಳಿಕೊಡುವ ಮಾತು: "ಊಊಟ ಬೇಕೇ? ಇಗೋಓ!" ಊ ಮೂರು, ಟ ಒಂದು, ಬೇ ಎರಡು, ಕೇ ಎರಡು, ಇ ಒಂದು, ಗೋ ಮೂರು. ಊ ಮೇಲೆ ಎರಡೂ ಕೈ. ಟ, ಕೇ, ಗೋ ನಾಲ್ಕರ ಕೈಗೆ. ಬೇ, ಇ ಮೂರರ ಕೈಗೆ. ಹಸಿದಾಗ ಅಭ್ಯಾಸ ಮಾಡಿದರೆ ಬೇಗ ಬರುತ್ತದೆ ಅಂತ ಒಬ್ಬ ಹುಡುಗ ನನಗೇ ಹೇಳಿದ.

ಇನ್ನು ಐದರ ನಡೆ, ಅಂದರೆ ಖಂಡ ನಡೆ. ಇದು ಬೇರೆ ಜಾತಿಯ ಕಷ್ಟ. ಎರಡು ಕೈ ಜಗಳವಲ್ಲ ಇದು, ಒಂದೇ ಎಣಿಕೆಯೊಳಗೆ ಐದನ್ನು ಸಮವಾಗಿ ಹಂಚುವುದು. ಎಲ್ಲರೂ ಮಾಡುವ ತಪ್ಪು ಒಂದೇ: ನಾಲ್ಕು ನುಡಿಸಿ ಐದನೆಯದನ್ನು ಕೊನೆಗೆ ತುರುಕುವುದು. ಬಸ್ಸಿನಲ್ಲಿ ಸೀಟು ತುಂಬಿದ ಮೇಲೆ ಒಬ್ಬರು ಹತ್ತಿದ ಹಾಗಿರುತ್ತದೆ. ತ ಕ ತ ಕಿ ಟ ಅನ್ನುವ ಐದೂ ಒಂದೇ ಅಳತೆ ಆಗಬೇಕು. ಬರದಿದ್ದರೆ "ಕಲಬುರಗಿ" ಅನ್ನಿ. ಐದೂ ಲಘು, ಎಲ್ಲೂ ಎಳೆತವಿಲ್ಲ. ಮೂರಕ್ಕೆ "ಉಡುಪಿ". ನಾಲ್ಕಕ್ಕೆ "ಹಾಸನ", ಹಾ ಎರಡು ಮಾತ್ರೆ. ಮೂರು ನಾಲ್ಕು ಸೇರಿಸಿ "ಉಡುಪಿ ಹಾಸನ" ಅಂದರೆ ಏಳು, ಮಿಶ್ರ ನಡೆ ಸಿಕ್ಕಿತು. ಒಂಬತ್ತಕ್ಕೆ "ಚಾಮರಾಜನಗರ", ಬೇಕಾದರೆ ಎಣಿಸಿ ನೋಡಿ. ಸಂಕೀರ್ಣ ನಡೆಗೆ ಇಷ್ಟು ಚೆನ್ನಾಗಿ ಹೊಂದುವ ಊರು ಇನ್ನೊಂದು ನನಗೆ ಸಿಕ್ಕಿಲ್ಲ.

ಮೆಟ್ರೊನೋಮನ್ನು 40ಕ್ಕೆ ಇಡಿ. ಒಂದು ಬಡಿತಕ್ಕೆ ಒಂದು ಉಡುಪಿ, ಎಂಟು ಸಲ. ಆಮೇಲೆ ಒಂದು ಬಡಿತಕ್ಕೆ ಒಂದು ಹಾಸನ, ಎಂಟು ಸಲ. ಆಮೇಲೆ ಕಲಬುರಗಿ. ವಾಪಸ್ ಉಡುಪಿಗೆ ಬನ್ನಿ. ಬಡಿತದ ವೇಗ ಬದಲಾಗಬಾರದು, ಒಳಗಿನ ಹಂಚಿಕೆ ಮಾತ್ರ ಬದಲಾಗಬೇಕು. ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿ. ನುಡಿಸುವಾಗ ಸರಿಯಾಗಿದೆ ಅನಿಸಿದ್ದು ಕೇಳುವಾಗ ಸರಿ ಇರುವುದಿಲ್ಲ.

ವಾಪಸ್ ಬರುವುದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನನ್ನ ಮರ್ಯಾದೆ ಹೋಗಿದ್ದು ಅಲ್ಲೇ. ಆಗ ನನಗೆ ಇಪ್ಪತ್ತೆರಡು. ನಮ್ಮ ಬೀದಿಯ ಗಣೇಶನ ಪೆಂಡಾಲು, ತನಿ ಆವರ್ತನ, ಅಂದರೆ ಕಚೇರಿಯಲ್ಲಿ ತಾಳವಾದ್ಯದವರು ಮಾತ್ರ ನುಡಿಸುವ ಹೊತ್ತು. ಹುಮ್ಮಸ್ಸಿನಲ್ಲಿ ಖಂಡ ನಡೆಗೆ ಹೋದೆ. ಹೋಗಿದ್ದು ಚೆನ್ನಾಗಿಯೇ ಇತ್ತು, ಮುಂದಿನ ಸಾಲಲ್ಲಿ ಕೂತವರು ತಲೆಯಾಡಿಸಿದರು, ಅದನ್ನು ನೋಡಿ ಇನ್ನಷ್ಟು ವೇಗ ಹೆಚ್ಚಿಸಿದೆ, ಆಮೇಲೆ ಸಮ, ಅಂದರೆ ತಾಳದ ಮೊದಲ ಪೆಟ್ಟು, ಎಲ್ಲಿದೆ ಅನ್ನುವುದೇ ಮರೆತುಹೋಯಿತು. ಕೈ ಓಡುತ್ತಿದೆ, ನಾನು ಎಲ್ಲಿದ್ದೇನೆ ಗೊತ್ತಿಲ್ಲ. ಪಕ್ಕದಲ್ಲಿ ಘಟ ನುಡಿಸುತ್ತಿದ್ದ ಹಿರಿಯರು ಹುಬ್ಬಲ್ಲೇ ಸಮ ತೋರಿಸಿ ನನ್ನನ್ನು ದಡ ಸೇರಿಸಿದರು. ಕಚೇರಿ ಮುಗಿದ ಮೇಲೆ ಬೈಯಲಿಲ್ಲ. ಪ್ರಸಾದದ ಉಂಡೆ ತಿನ್ನುತ್ತಾ, "ಆಗ ನುಡಿಸಿದೆಯಲ್ಲಪ್ಪಾ, ಅದನ್ನ ಬಾಯಲ್ಲಿ ಹೇಳು ನೋಡೋಣ" ಅಂದರು. ಬರಲಿಲ್ಲ. ಒಂದು ಸಾಲೂ ಬರಲಿಲ್ಲ. "ಹೇಳೋಕೆ ಬರದ್ದನ್ನ ನುಡಿಸ್ಬೇಡ" ಅಂದು ಇನ್ನೊಂದು ಉಂಡೆ ನನ್ನ ಕೈಗೆ ಹಾಕಿದರು.

ಪ್ರಶ್ನೆ: ಮಗಳಿಗೆ 11 ವರ್ಷ, ಸಂಗೀತ ಕಲಿಯುತ್ತಿದ್ದಾಳೆ. ಸಮದಲ್ಲಿ ಶುರುವಾಗುವ ಹಾಡು ಚೆನ್ನಾಗಿ ಹಾಡುತ್ತಾಳೆ. ತಾಳ ಶುರುವಾಗಿ ಸ್ವಲ್ಪ ಬಿಟ್ಟು ಎತ್ತುವ ಹಾಡು ಬಂದರೆ ಕೈ ನಿಂತುಬಿಡುತ್ತದೆ. ಮಿಶ್ರ ಛಾಪು ಅಂದರೆ ಅಳುತ್ತಾಳೆ. ನನಗೆ ಸಂಗೀತ ಬರುವುದಿಲ್ಲ, ಮನೆಯಲ್ಲಿ ಹೇಗೆ ಸಹಾಯ ಮಾಡಲಿ? (ಗೃಹಿಣಿ, ಮೈಸೂರು)

ಉತ್ತರ: ತಾಯಿ, ಹಾಡುವುದೂ ತಾಳ ಹಾಕುವುದೂ ಸೇರಿದಾಗ ಕೈ ಬಾಯಿ ಹಿಂದೆ ಓಡುತ್ತದೆ. ದಾವಣಗೆರೆಯವರ ಎಡಗೈ ಕಥೆಯೇ ಇದು. ಇಂಥ ಎತ್ತುಗಡೆಗೆ ಅನಾಗತ ಅನ್ನುತ್ತಾರೆ. ಮಗುವಿಗೆ ಆ ಖಾಲಿ ಜಾಗ ಖಾಲಿ ಅಂತ ಕಾಣುತ್ತದೆ, ಅದಕ್ಕೇ ಭಯ. ಅಲ್ಲಿ ಏನಾದರೂ ತುಂಬಿಸಿ. ಆದಿತಾಳದಲ್ಲಿ ಅರ್ಧ ಎಣಿಕೆ ಬಿಟ್ಟು ಎತ್ತಬೇಕಾದರೆ, ಮೊದಲ ಪೆಟ್ಟಿನ ಜೊತೆ "ತಕ" ಅಂತ ಬಾಯಿಬಿಟ್ಟು ಹೇಳಿ ಹಾಡು ಎತ್ತಲಿ. ಒಂದು ವಾರ ಜೋರಾಗಿ, ಆಮೇಲೆ ಪಿಸುಮಾತಲ್ಲಿ, ಆಮೇಲೆ ಮನಸ್ಸಲ್ಲಿ.

ನೀವು ಮಾಡಬಹುದಾದ್ದು ಒಂದಿದೆ. ಆದಿತಾಳ ಕಲಿತುಕೊಳ್ಳಿ: ಒಂದು ಪೆಟ್ಟು, ಕಿರುಬೆರಳಿಂದ ಶುರುಮಾಡಿ ಮೂರು ಬೆರಳು ಎಣಿಕೆ, ಆಮೇಲೆ ಪೆಟ್ಟು, ಬೀಸು, ಪೆಟ್ಟು, ಬೀಸು. ಒಟ್ಟು 8. ಅರ್ಧ ಗಂಟೆ ಸಾಕು ಕಲಿಯಲು. ಅವಳು ಹಾಡುವಾಗ ಎದುರು ಕೂತು ನೀವು ತಾಳ ಹಾಕಿ, ಅವಳೂ ಹಾಕಲಿ. ಅವಳ ಕೈ ನಿಂತರೆ ನೀವು ನಿಲ್ಲಿಸಬೇಡಿ, ಹಾಡು ನಿಲ್ಲಿಸಿ ಅಂತಲೂ ಹೇಳಬೇಡಿ. ನಿಮ್ಮ ಕೈ ನೋಡಿ ಅವಳೇ ಸೇರಿಕೊಳ್ಳುತ್ತಾಳೆ. ಯಾವುದೇ ಕಾರಣಕ್ಕೂ ಅವಳ ಕೈ ಹಿಡಿದು ತಾಳ ಹಾಕಿಸಬೇಡಿ.

ಮಿಶ್ರ ಛಾಪಿಗೆ ಅಳುವ ಅಗತ್ಯವೇ ಇಲ್ಲ, ಕನ್ನಡದ ಮಗುವಿಗೆ ಅದು ಮನೆಯ ಸೊತ್ತು. ಮಿಶ್ರ ಛಾಪು ಅಂದರೆ 3 ಮತ್ತು 4, ತಕಿಟ ತಕಧಿಮಿ. ಭಾಮಿನಿ ಷಟ್ಪದಿಯ ಸಾಲು ಕೂಡ ಇದೇ, ಮೂರು ನಾಲ್ಕು ಮೂರು ನಾಲ್ಕು. ಕುಮಾರವ್ಯಾಸ ಭಾರತ ಪೂರ್ತಿ ಈ ಅಳತೆಯಲ್ಲೇ ಇದೆ. ಮನೆಯಲ್ಲಿ ಅಜ್ಜ ಅಜ್ಜಿ ಯಾರಾದರೂ ಗಮಕ ಓದುವವರಿದ್ದರೆ ಹತ್ತಿರ ಕೂರಿಸಿ, ಇಲ್ಲವೇ ಶಾಲೆಯ ಕನ್ನಡ ಪುಸ್ತಕದಲ್ಲಿರುವ ಭಾಮಿನಿ ಪದ್ಯವನ್ನು ಜೋರಾಗಿ ಓದಿಸಿ, ಪ್ರತಿ ಗಣದ ಮೊದಲಿಗೆ ಒಂದು ಚಪ್ಪಾಳೆ. ಪರೀಕ್ಷೆಗೆ ಪ್ರಸ್ತಾರ ಹಾಕುವುದೂ ಬಂದಂತಾಯಿತು. ವಾರ್ಧಕ ಷಟ್ಪದಿ ಐದೈದರ ಗಣ, ಅದು ಮುಂದೆ ಖಂಡ ಛಾಪಿಗೆ ಆಗುತ್ತದೆ. ನಮ್ಮ ಶಾಲೆಗಳಲ್ಲಿ ಛಂದಸ್ಸನ್ನು ಬರೀ ಗೆರೆ ಎಳೆದು ಲೆಕ್ಕ ಹಾಕುವ ಪಾಠ ಮಾಡಿಟ್ಟಿದ್ದೇವೆ, ಬಾಯಲ್ಲಿ ಓದಿಸುವುದೇ ಇಲ್ಲ ಅನ್ನುವ ಸಿಟ್ಟು ನನಗೆ ಮೊದಲಿಂದಲೂ ಇದೆ, ಇರಲಿ.

ಪ್ರಶ್ನೆ: ಏಳು ತಾಳ, ಐದು ಜಾತಿ, ಸೇರಿ 35 ತಾಳ, ಅದಕ್ಕೆ ಐದು ನಡೆ ಹಾಕಿದರೆ 175 ಅಂತ ಪುಸ್ತಕದಲ್ಲಿ ಓದಿದೆ. ಎಲ್ಲ ಕಲಿಯಬೇಕಾ? (ಪಿಯುಸಿ ವಿದ್ಯಾರ್ಥಿ, ತುಮಕೂರು)

ಉತ್ತರ: ಬೇಡಪ್ಪಾ. ಲೆಕ್ಕ ಸರಿ ಇದೆ, ಪರೀಕ್ಷೆಗೆ ಬರೆದುಬಿಡು. ಆದಿ, ರೂಪಕ, ಮಿಶ್ರ ಮತ್ತು ಖಂಡ ಛಾಪು ಗಟ್ಟಿಯಾದರೆ ಕಚೇರಿಯಲ್ಲಿ ಕೇಳುವ ಹೆಚ್ಚಿನ ಹಾಡುಗಳಿಗೆ ಸಾಕು. ಅಲಂಕಾರದ ಸ್ವರಪಾಠಗಳನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ ಹಾಡುತ್ತೀಯಲ್ಲ, ಆಗ ತಾಳದ ಕೈ ಒಂದೇ ವೇಗದಲ್ಲಿ ಇದೆಯಾ ಅಂತ ಮಾತ್ರ ನೋಡಿಕೋ.

ಪ್ರಶ್ನೆ: ಮುಕ್ತಾಯ, ಅಂದರೆ ಮೂರು ಸಲ ಹೇಳಿ ಸಮಕ್ಕೆ ಸೇರಿಸುವ ಸಾಲು, ಯಾವಾಗಲೂ ಸಮಕ್ಕೆ ಒಂದು ಮಾತ್ರೆ ಮೊದಲೇ ಬಂದು ಬೀಳುತ್ತದೆ. ಲೆಕ್ಕ ಸರಿಯಾಗಿಯೇ ಇರುತ್ತದೆ ಗುರುಗಳೇ. (ಖಂಜಿರ ಕಲಿಯುತ್ತಿರುವ ವಿದ್ಯಾರ್ಥಿನಿ, ಹುಬ್ಬಳ್ಳಿ)

ಉತ್ತರ: ಯಾವ ಮುಕ್ತಾಯ ಅಂತ ನೀವು ಬರೆದಿಲ್ಲ. ಎಲ್ಲರೂ ಮೊದಲು ಕಲಿಯುವುದನ್ನೇ ತೆಗೆದುಕೊಳ್ಳುತ್ತೇನೆ. ಆದಿತಾಳದ ಕೊನೆಯ 4 ಎಣಿಕೆ ಅಂದರೆ, ಎಣಿಕೆಗೆ ನಾಲ್ಕರಂತೆ, 16 ಮಾತ್ರೆ. ತಧಿಗಿಣತೊಂ ಐದು, ಮೂರು ಸಲ ಹೇಳಿದರೆ 15. ಹಾಗಾಗಿ ಒಂದು ಮಾತ್ರೆ ಬಿಟ್ಟು ಎತ್ತಬೇಕು. ಆ ಬಿಟ್ಟ ಒಂದು ಮಾತ್ರೆಯನ್ನೇ ನೀವು ನುಂಗುತ್ತಿದ್ದೀರಿ ಅಂತ ನನ್ನ ಅನುಮಾನ. ಅಲ್ಲಿ "ಉಂ" ಅನ್ನಿ. ಉಂ ತಧಿಗಿಣತೊಂ ತಧಿಗಿಣತೊಂ ತಧಿಗಿಣತೊಂ, ತಾ. ಉಂ ಕೂಡ ಒಂದು ಪೆಟ್ಟೇ, ಚರ್ಮಕ್ಕೆ ತಾಗುವುದಿಲ್ಲ ಅಷ್ಟೇ.

ಪ್ರಶ್ನೆ: ಒಂಬತ್ತು ವರ್ಷದ ಮಗ ಎಡಗೈಯವನು. ಮೃದಂಗವನ್ನು ಬಲಗೈಯಲ್ಲೇ ನುಡಿಸಬೇಕು ಅಂತ ಹೇಳಿಕೊಡುವವರು ಹಟ ಹಿಡಿದಿದ್ದಾರೆ. (ತಂದೆ, ಶಿವಮೊಗ್ಗ)

ಉತ್ತರ: ಪಳನಿ ಸುಬ್ರಮಣ್ಯ ಪಿಳ್ಳೈ ಅವರ ಹೆಸರು ಹೇಳಿ ನೋಡಿ. ಕಳೆದ ಶತಮಾನದ ಅತಿ ದೊಡ್ಡ ಮೃದಂಗ ವಿದ್ವಾಂಸರಲ್ಲಿ ಒಬ್ಬರು, ಎಡಗೈಯವರು. ಗುರುಗಳ ಹಟಕ್ಕೂ ಕಾರಣವಿದೆ. ಮೃದಂಗದವರು ಹಾಡುವವರ ಬಲಕ್ಕೆ, ಬಲದ ಮುಖ ಸಭಿಕರ ಕಡೆ ಬರುವ ಹಾಗೆ ಕೂರುತ್ತಾರೆ. ಎಡಗೈಯವರು ಬಂದರೆ ಪಿಟೀಲಿನವರ ಜಾಗವೂ ಬದಲಾಗಬೇಕು, ಅದಕ್ಕೆ ಎಲ್ಲರೂ ಒಪ್ಪಬೇಕು. ಮಗ ಇನ್ನೂ ವೇದಿಕೆಯಿಂದ ಹತ್ತು ವರ್ಷ ದೂರ ಇದ್ದಾನೆ, ಅವನ ಕೈಗೆ ಯಾವುದು ಸಲೀಸೋ ಅದರಲ್ಲಿ ಕಲಿಯಲಿ ಅನ್ನುವುದು ನನ್ನ ಅಭಿಪ್ರಾಯ. ಗುರುಗಳ ಹತ್ತಿರ ನೀವೇ ಹೋಗಿ ಮಾತಾಡಿ, ಮಗನ ಬಾಯಲ್ಲಿ ಹೇಳಿಸಬೇಡಿ.

ಪ್ರಶ್ನೆ: ದುಬೈನಲ್ಲಿದ್ದೇನೆ. ಊರಿನ ಗುರುಗಳ ಹತ್ತಿರ ಆನ್‌ಲೈನ್‌ನಲ್ಲಿ ಮೃದಂಗ ಕಲಿಯುತ್ತೇನೆ. ಒಟ್ಟಿಗೆ ನುಡಿಸಿದರೆ ಯಾವಾಗಲೂ ನಾನು ಹಿಂದೆ ಬೀಳುತ್ತೇನೆ ಅಂತ ಅವರು, ಅವರೇ ಹಿಂದೆ ಬೀಳುತ್ತಾರೆ ಅಂತ ನಾನು! (ಓದುಗ, ದುಬೈ)

ಉತ್ತರ: ಇಬ್ಬರೂ ಸರಿ. ಅವರ ಪೆಟ್ಟು ನಿಮಗೆ ತಡವಾಗಿ ಕೇಳುತ್ತದೆ. ನೀವು ಅದಕ್ಕೆ ಸೇರಿಸಿ ನುಡಿಸಿದ್ದು ಅವರಿಗೆ ಇನ್ನೂ ತಡವಾಗಿ ಕೇಳುತ್ತದೆ. ಫೋನಿನಲ್ಲಿ ಒಟ್ಟಿಗೆ ನುಡಿಸುವ ಆಸೆ ಬಿಟ್ಟುಬಿಡಿ. ಅವರು ಹೇಳಲಿ, ನಿಲ್ಲಿಸಲಿ, ಆಮೇಲೆ ನೀವು ನುಡಿಸಿ. ಅವರು ತಾಳ ಹಾಕಿ ಪಾಠ ಹೇಳಿದ ರೆಕಾರ್ಡಿಂಗ್ ಕೇಳಿಸಿಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿ ಅದರ ಜೊತೆ ನುಡಿಸಿ ಅವರಿಗೆ ಕಳಿಸಿ. ರಜೆಗೆ ಊರಿಗೆ ಬಂದಾಗ ಮದುವೆ ಮುಂಜಿ ಅಂತ ಓಡಾಡುವುದರಲ್ಲಿ ಎರಡು ದಿನ ಮಿಗಿಸಿಕೊಂಡು ಎದುರು ಕೂತು ನುಡಿಸಿ ಬನ್ನಿ.

ಪ್ರಶ್ನೆ: ಅಭ್ಯಾಸ ಮಾಡಿದ ಮೇಲೆ ಮಣಿಕಟ್ಟು ನೋಯುತ್ತದೆ. ನೋವು ಬಂದರೇ ಕೈ ಪಳಗುವುದು ಅನ್ನುತ್ತಾರೆ, ನಿಜವಾ? (ಓದುಗ, ಹಾಸನ)

ಉತ್ತರ: ಸುಳ್ಳು. ಬೆರಳ ತುದಿ ಮೊದಮೊದಲು ಉರಿಯುವುದು ಬೇರೆ, ಕೀಲು ನೋಯುವುದು ಬೇರೆ. ಕೀಲು ನೋವಿದ್ದರೆ ಆ ದಿನ ನಿಲ್ಲಿಸಿ, ಬಾಯಲ್ಲಿ ಪಾಠ ಹೇಳಿ. ವಾರ ಕಳೆದರೂ ಹೋಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ, ನನ್ನ ಹತ್ತಿರ ಅಲ್ಲ.

ಪ್ರಶ್ನೆ: ಕೀಬೋರ್ಡ್ ನುಡಿಸುವಾಗ ಎರಡೂ ಕೈ ಬಿಡುವಿಲ್ಲ. ಕಾಲಲ್ಲಿ ತಾಳ ಹಾಕಿದರೆ ತಪ್ಪಾ? (ಓದುಗಿ, ಮಂಗಳೂರು)

ಉತ್ತರ: ತಪ್ಪೇನಿಲ್ಲ, ಹಾಕಿ. ಆದರೆ ವೇದಿಕೆ ಮರದ ಹಲಗೆಯದ್ದಾದರೆ ಚಪ್ಪಲಿ ಬಿಚ್ಚಿಡಿ. ಮೈಕಿಗೆ ಕೇಳುತ್ತದೆ.